ಹ್ಯಾಕಿಂಗ್ ಅಂದ್ರೇನು ಅಂತ ಮನೇಲಿ ಹೇಳಿದ್ದೀರಾ?

ಹ್ಯಾಕಿಂಗ್ ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾದ ಕಪ್ಪು ಸ್ಕ್ರೀನು, ಹಸಿರು ಅಕ್ಷರ. ಸರಳವಾಗಿ ಹೇಳಬೇಕಂದ್ರೆ, ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೋ ಖಾತೆಗೋ ನುಗ್ಗುವುದು. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಹಾಕಿ ಸುಮಾರು 11.5 ಕೋಟಿ ರೂಪಾಯಿ ದೋಚಿದ್ದರು.

ಆದರೆ ಚನ್ನಗಿರಿಯ ಅಡಿಕೆ ಬೆಳೆಗಾರರ ಖಾತೆಗೆ ನುಗ್ಗೋಕೆ ಅಷ್ಟೆಲ್ಲ ಕೋಡಿಂಗ್ ಬೇಕಿಲ್ಲ. ವಾಟ್ಸಾಪಿನಲ್ಲಿ ‘ಪಿಎಂ ಕಿಸಾನ್’ ಅಂತಲೋ, ಮದುವೆ ಕರೆಯೋಲೆ ಅಂತಲೋ ಬರುವ ಒಂದು ಎಪಿಕೆ ಫೈಲ್ ಸಾಕು. ಅದನ್ನು ಇನ್‌ಸ್ಟಾಲ್ ಮಾಡಿ, ಮೆಸೇಜ್ ಓದೋಕೆ ‘ಅಲೋ’ ಒತ್ತಿದರೆ ಒಟಿಪಿ ಕಳ್ಳರ ಕೈ ಸೇರುತ್ತೆ. ಎಷ್ಟೋ ಮನೆಗಳಲ್ಲಿ ಫೋನ್ ಇರೋದೇ ಇಂಗ್ಲಿಷಿನಲ್ಲಿ. ಆ ‘ಅಲೋ’ ಏನು ಕೇಳ್ತಿದೆ ಅಂತ ಅಪ್ಪ-ಅಮ್ಮನಿಗೆ ಗೊತ್ತಾಗೋದು ಹೇಗೆ?

ನಾವು ಸೆಮಿನಾರಿನಲ್ಲಿ ಫಿಶಿಂಗ್, ಮಾಲ್‌ವೇರ್ ಅಂತ ಇಂಗ್ಲಿಷ್ ಸ್ಲೈಡ್ ತೋರಿಸಿ ಚಪ್ಪಾಳೆ ಗಿಟ್ಟಿಸ್ತೀವಿ. ಅದೇ ವಿಷಯ ಮನೇಲಿ ಕನ್ನಡದಲ್ಲಿ ಹೇಳೋಕೆ ಬರದಿದ್ದರೆ ಆ ಓದು ಯಾರಿಗೆ ಬಂತು? ಮುಂದಿನ ಸಲ ಊರಿಗೆ ಹೋದಾಗ ಅವರ ಫೋನ್ ಭಾಷೆ ಕನ್ನಡಕ್ಕೆ ಬದಲಿಸಿ. ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಆ್ಯಪ್ ಹಾಕಬೇಡಿ ಅನ್ನಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡೋಕೆ ಹೇಳಿಕೊಡಿ.