ಬಾಗಿಲು ಮೊದಲು ಹಾಕಿದರು, ದಾರಿ ಈಗ ಹುಡುಕುತ್ತಿದ್ದಾರೆ!

ಬೆಳಿಗ್ಗೆ ಹತ್ತೂವರೆಗೆ ನಮ್ಮ ನಗರಸಭೆಯ ಖಾತೆ ವಿಭಾಗದ ಮುಂದೆ ಹೋಗಿ ನಿಂತು ನೋಡಿ ಸ್ವಾಮಿ. ಶಟರ್ ಅರ್ಧ ಎಳೆದು, ಹುಡುಗನನ್ನು ಗಲ್ಲಾ ಮೇಲೆ ಕೂರಿಸಿ ಬಂದ ವರ್ತಕರು ಪ್ಲಾಸ್ಟಿಕ್ ಕವರ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವರೂ ಇದ್ದಾರೆ. ಕವರಿನೊಳಗೆ ಕ್ರಯಪತ್ರ, ಕಂದಾಯದ ರಸೀದಿ, ಇ.ಸಿ., ಆಧಾರ್ ಜೆರಾಕ್ಸ್. ಎಲ್ಲರಿಗೂ ಬೇಕಾಗಿರುವುದು ಒಂದೇ, ಇ-ಖಾತೆ. 2024ರ ಅಕ್ಟೋಬರ್‌ನಿಂದ ಇದಿಲ್ಲದೆ ಪೇಟೆಯ ಆಸ್ತಿ ನೋಂದಣಿ ಆಗೋದಿಲ್ಲ. ಮಳಿಗೆ ಮಾರುವುದಾದರೂ ಅದೇ, ಮಗನ ಹೆಸರಿಗೆ ದಾನಪತ್ರ ಮಾಡುವುದಾದರೂ ಅದೇ.

ಇ-ಖಾತೆ ಬೇಡ ಅಂತ ನಾವು ಹೇಳುತ್ತಿಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮಹಾನುಭಾವರಿಗೆ ಮೂಗುದಾರ ಬೀಳಬೇಕಾದದ್ದೇ. ಸರ್ಕಾರದ ಗುರಿ ಸರಿ. ಆದರೆ ಕುಸ್ತಿ ಗೆಲ್ಲಬೇಕೆಂಬ ಹಠ ಒಂದು, ಯಾವ ಪಟ್ಟು ಯಾವಾಗ ಹಾಕಬೇಕೆಂಬ ಲೆಕ್ಕ ಇನ್ನೊಂದು. ಹಠ ಬೆಂಗಳೂರಿನಿಂದ ಬಂತು. ಪಟ್ಟು ಹಾಕಬೇಕಾದವರು ಇಲ್ಲಿದ್ದಾರೆ, ಅವರಿಗೆ ಅದನ್ನು ಯಾರೂ ಕಲಿಸಿದಂತೆ ಕಾಣೋದಿಲ್ಲ.

ಇದೇನು ಹೊಸ ವಿದ್ಯೆಯಲ್ಲ. ಕಂದಾಯ ಇಲಾಖೆ ಇಪ್ಪತ್ತು ವರ್ಷಕ್ಕೂ ಹಿಂದೆ ಇದಕ್ಕಿಂತ ದೊಡ್ಡ ಕೆಲಸ ಮಾಡಿ ತೋರಿಸಿದೆ. ಆಗ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ಯೋಜನೆಯ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ, ಯೋಜನೆಯ ಹೆಸರು ‘ಭೂಮಿ’. 177 ತಾಲೂಕು, ಸುಮಾರು 67 ಲಕ್ಷ ಭೂಮಾಲೀಕರು, ಸುಮಾರು 2 ಕೋಟಿ ದಾಖಲೆ. ಅಲ್ಲಿಯವರೆಗೆ ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಸಿಕ್ಕರೆ ಪುಣ್ಯ, ಸಿಕ್ಕಮೇಲೆ ಕಾಫಿ-ತಿಂಡಿಯ ಖರ್ಚು ಬೇರೆ!

ಅದಕ್ಕೂ ಮೊದಲು, 1988-89ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲೂ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಯತ್ನ ನಡೆದಿತ್ತು. ಫಲ ಸಿಗಲಿಲ್ಲ. ಯಾಕೆ? ಒಂದು ಕಡೆ ಟೈಪು ಮಾಡುತ್ತಿದ್ದರು, ಇನ್ನೊಂದು ಕಡೆ ಹಳೇ ಪುಸ್ತಕದಲ್ಲಿ ಕೈಬರಹದ ತಿದ್ದುಪಡಿ ನಡೆದೇ ಇತ್ತು. ಟೈಪು ಮುಗಿಯುವ ಹೊತ್ತಿಗೆ ಕಂಪ್ಯೂಟರಿನ ಮಾಹಿತಿ ಹಳಸಿದ ಅನ್ನ.

‘ಭೂಮಿ’ಯವರು ಆ ತಪ್ಪು ಮಾಡಲಿಲ್ಲ. ಮೊದಲು ದಾಖಲೆ ತುಂಬಿಸಿ, ಮುದ್ರಿಸಿ, ಅದೇ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ತಪ್ಪು ತಿದ್ದಿಸಿದರು. ಗಮನಿಸಿ, ಅಧಿಕಾರ ಕಳೆದುಕೊಳ್ಳುವವರ ಕೈಯಿಂದಲೇ! ಊರಿನ ಗಡಿ, ಗೆದ್ದಲು ಹಿಡಿದ ಪುಸ್ತಕದ ಮರ್ಮ ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಆಮೇಲೆ ತಾಲೂಕು ಕಚೇರಿಯಲ್ಲಿ ಕೌಂಟರ್ ತೆರೆದು, 15 ರೂಪಾಯಿಗೆ ಪಹಣಿ ಅಂದರು. ಅರ್ಜಿದಾರನಿಗೂ ಕಾಣುವಂತೆ ಒಂದು ಪರದೆ ಅವನ ಕಡೆಗೆ ತಿರುಗಿಸಿಟ್ಟರು. ಮೊದಲು ಬಂದ ಅರ್ಜಿ ಮೊದಲು, ನಡುವೆ ಯಾರನ್ನೂ ತೂರಿಸುವಂತಿಲ್ಲ. ನೌಕರ ಬೆರಳ ಗುರುತು ಕೊಟ್ಟೇ ಒಳಹೋಗಬೇಕು, ಆಮೇಲೆ ‘ನಾನಲ್ಲ ಸಾರ್’ ಅನ್ನೋ ಹಾಗಿಲ್ಲ. ಇಷ್ಟೆಲ್ಲ ಆದ ಮೇಲೆ, ಒಂದೊಂದು ತಾಲೂಕು ಸಿದ್ಧವಾದಂತೆ, ಅಲ್ಲಿ ಕೈಬರಹದ ಪಹಣಿ ಇನ್ನು ನಡೆಯೋದಿಲ್ಲ ಅಂತ ಅಧಿಸೂಚನೆ ಹೊರಡಿಸಿದರು. ಹಳೇ ಬಾಗಿಲು ಮುಚ್ಚಿದ್ದು ಕೊನೆಗೆ.

‘ಭೂಮಿ’ಯಿಂದ ಲಂಚ ಸತ್ತಿತು ಅಂತ ಹೇಳಿದರೆ ರೈತರು ನಕ್ಕಾರು. ಪಹಣಿ ಕೌಂಟರಿನಲ್ಲಿ ಅದು ಕುಗ್ಗಿತು. ಖಾತೆ ಬದಲಾವಣೆ, ಪೋಡಿ, ಸರ್ವೆ ಕಡೆ ಅದರ ಸಂಸಾರ ಸುಖವಾಗಿದೆ. ಪಟ್ಟು ಎಲ್ಲಿಯವರೆಗೆ ಬಿತ್ತೋ ಅಲ್ಲಿಯವರೆಗೆ ಗೆಲುವು, ಅಷ್ಟೆ.

ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಸ್ಮಾರ್ಟ್ ಕಾರ್ಡ್ ಬರಲಿ ಅಂತ ಕಾಯುತ್ತ ಕೂರಲಿಲ್ಲ. ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಪಡೆಯಿರಿ ಅಂದರು. ಆ ಟಿಕೆಟ್ಟೇ ಸರ್ಕಾರದಿಂದ ನಿಗಮಕ್ಕೆ ದುಡ್ಡು ಬರುವ ಲೆಕ್ಕ. ನೂಕುನುಗ್ಗಲಿನಲ್ಲಿ ಕಂಡಕ್ಟರು ಬೆವರಿದ್ದು ನಿಜ. ಆದರೆ ಹೆಣ್ಣುಮಕ್ಕಳು ಹೊಸ ಕಾಗದಕ್ಕಾಗಿ ಯಾವ ಕಚೇರಿಯ ಮುಂದೂ ಸಾಲು ನಿಲ್ಲಬೇಕಾಗಲಿಲ್ಲ.

ನಮ್ಮ ಇ-ಖಾತೆಯ ಕಥೆ ತಲೆಕೆಳಗು. ಕಡ್ಡಾಯದ ಆದೇಶ ಮೊದಲು ಬಂತು. ಇಲ್ಲಿ ದಾಖಲೆ ತುಂಬಿಸೋದು, ತಪ್ಪು ತಿದ್ದೋದು ಈಗ ನಡೀತಿದೆ, ಅದೂ ಅರ್ಜಿ ಬಂದ ಮೇಲೆ ಒಂದೊಂದಾಗಿ! ತಂದೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅಣ್ಣನವರು ಮೂರು ಸಲ ಬರಬೇಕು. ಒಳಗೆ ಕೂತ ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಸರ್ವರ್ ಕೈಕೊಟ್ಟರೆ ಜನರಿಗೆ ಮುಖ ತೋರಿಸಬೇಕಾದವರು ಅವರೇ. ಇಂಥ ಕಡೆ ಬ್ರೋಕರು ಹುಟ್ಟಿಕೊಳ್ಳದೆ ಇನ್ನೇನಾಗುತ್ತೆ? ಮೂರು ದಿನ ಅಂಗಡಿ ಬಾಗಿಲು ಹಾಕುವುದಕ್ಕಿಂತ ಅವನ ಕೈಗೆ ನೋಟು ತುರುಕುವುದೇ ಅಗ್ಗ ಅಂತ ವರ್ತಕ ಲೆಕ್ಕ ಹಾಕುತ್ತಾನೆ. ಅವನ ಲೆಕ್ಕ ತಪ್ಪೂ ಅಲ್ಲ.

ಪೌರಾಯುಕ್ತರು ಈಗಲೂ ಮಾಡಬಹುದಾದ್ದು ಇದೆ. ಕಚೇರಿಯಲ್ಲಿರುವ ಆಸ್ತಿ ಪಟ್ಟಿಯನ್ನು ವಾರ್ಡುವಾರು ಮುದ್ರಿಸಿ ಮಾರುಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ ಅಂಟಿಸಲಿ, ತಪ್ಪಿದ್ದವರು ಒಂದೇ ಸಲ ಬಂದು ಹೇಳಲಿ. ಮನೆಮನೆ ಗೊತ್ತಿರುವ ಬಿಲ್ ಕಲೆಕ್ಟರುಗಳನ್ನು ತಿದ್ದುಪಡಿಗೆ ಕೂರಿಸಲಿ. ಅಂಗಡಿಯವರಿಗಾಗಿ ವಾರಕ್ಕೆರಡು ಸಂಜೆ ಕೌಂಟರ್ ತೆರೆದಿರಲಿ, ಅರ್ಜಿಗೆ ಕ್ರಮಸಂಖ್ಯೆ ಕೊಡಲಿ, ಇವತ್ತು ಎಷ್ಟನೇ ನಂಬರು ನಡೀತಿದೆ ಅಂತ ಗೋಡೆಗೆ ಬರೆಯಲಿ. ಸೀಮೆಸುಣ್ಣ ಸಾಕು, ಟೆಂಡರ್ ಬೇಡ. ಮುಂದಿನ ಸಾಮಾನ್ಯ ಸಭೆಯಲ್ಲಿ ಮಾನ್ಯ ಸದಸ್ಯರು ಸನ್ಮಾನದ ಶಾಲುಗಳನ್ನು ಸ್ವಲ್ಪ ಬದಿಗಿಟ್ಟು, ಯಾವ ವಾರ್ಡಿನಲ್ಲಿ ಎಷ್ಟು ಅರ್ಜಿ ಎಷ್ಟು ದಿನದಿಂದ ಬಾಕಿ ಇದೆ ಅಂತ ಕೇಳಲಿ. ಉತ್ತರ ಸಿಕ್ಕರೆ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.