ಕ್ಯಾಪ್ಟನ್ ನೆಮೊ: ನಾಯಕನೋ, ಖಳನಾಯಕನೋ?



ಕತೆ ಮುಗಿದ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಇವನು ಒಳ್ಳೆಯವನಾ, ಕೆಟ್ಟವನಾ?" ಹೆಚ್ಚಿನ ಕತೆಗಳಲ್ಲಿ ಇದಕ್ಕೆ ಉತ್ತರ ಸುಲಭ. ಆದರೆ ನೂರೈವತ್ತು ವರ್ಷ ಕಳೆದರೂ ಓದುಗರಿಗೆ ಒಮ್ಮತಕ್ಕೆ ಬರಲು ಸಾಧ್ಯವಾಗದ ಒಂದು ಪಾತ್ರವಿದೆ. ಅವನೇ ಕ್ಯಾಪ್ಟನ್ ನೆಮೊ. ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' ಎಂಬ ವೈಜ್ಞಾನಿಕ ಕಾದಂಬರಿ 1869-70ರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಮನೆಗಳಲ್ಲಿ ಎಣ್ಣೆಯ ದೀಪ ಉರಿಯುತ್ತಿದ್ದ ಆ ಕಾಲದಲ್ಲಿ ವಿದ್ಯುತ್ತಿನಿಂದ ಓಡುವ 'ನಾಟಿಲಸ್' ಎಂಬ ಜಲಾಂತರ್ಗಾಮಿ ನೌಕೆಯನ್ನು ವರ್ನ್ ಕಲ್ಪಿಸಿದ್ದ. ನೆಮೊ ಅದರ ಒಡೆಯ. ಲ್ಯಾಟಿನ್ ಭಾಷೆಯಲ್ಲಿ ನೆಮೊ ಎಂದರೆ 'ಯಾರೂ ಅಲ್ಲ' ಎಂದರ್ಥ.

ಅವನನ್ನು ಮೆಚ್ಚುವವರ ಬಳಿ ಸಾಕಷ್ಟು ಪುರಾವೆಗಳಿವೆ. ಶ್ರೀಲಂಕಾದ ಕಡಲಲ್ಲಿ ಮುತ್ತು ತೆಗೆಯುವ ಬಡವನೊಬ್ಬನ ಮೇಲೆ ಶಾರ್ಕ್ ಎರಗಿದಾಗ ನೆಮೊ ಬರೀ ಕಠಾರಿ ಹಿಡಿದು ಅದರೆದುರು ನಿಲ್ಲುತ್ತಾನೆ. ಬದುಕುಳಿದ ಆ ಬಡವನ ಕೈಗೆ ಮುತ್ತಿನ ಚೀಲವನ್ನೂ ಇಡುತ್ತಾನೆ. ಮುಳುಗಿದ ಹಡಗುಗಳಿಂದ ಎತ್ತಿದ ಚಿನ್ನವನ್ನು ತನ್ನ ಸುಖಕ್ಕೆ ಬಳಸದೆ, ದಂಗೆಯೆದ್ದಿದ್ದ ಕ್ರೀಟ್ ದ್ವೀಪದ ಜನರಿಗೆ ಕಳುಹಿಸುತ್ತಾನೆ. ಕ್ರೀಟ್ ಆಗ ಉಸ್ಮಾನಿ ಆಡಳಿತದಲ್ಲಿತ್ತು ಎಂಬುದನ್ನು ಗಮನಿಸಿ. ಮರ್ದಿತರು ಎಂದು ಕಂಡರೆ ಸಾಕು, ಅವರು ಯಾರ ವಿರುದ್ಧ ನಿಂತಿದ್ದಾರೆ ಎಂಬ ಲೆಕ್ಕ ಅವನಿಗಿಲ್ಲ.

ಅವನನ್ನು ಖಳನಾಯಕನೆನ್ನುವವರ ಪುರಾವೆಯೂ ಅದೇ ಪುಸ್ತಕದಲ್ಲಿದೆ. ಆಕಸ್ಮಿಕವಾಗಿ ನೌಕೆ ಸೇರಿದ ಪ್ರೊಫೆಸರ್ ಅರೊನಾಕ್ಸ್ ಮತ್ತು ಅವರ ಇಬ್ಬರು ಜೊತೆಗಾರರನ್ನು ನೆಮೊ ಜೀವಮಾನವಿಡೀ ಬಿಡುವುದಿಲ್ಲ ಎನ್ನುತ್ತಾನೆ. ಸ್ವಾತಂತ್ರ್ಯಕ್ಕಾಗಿ ಚಿನ್ನ ಸುರಿಯುವವನೇ ತಪ್ಪು ಮಾಡದ ಮೂವರನ್ನು ಸೆರೆಯಲ್ಲಿಡುತ್ತಾನೆ. ಕೊನೆಯಲ್ಲಿ ಒಂದು ಯುದ್ಧನೌಕೆ ಎದುರಾಗುತ್ತದೆ. ಅದು ಯಾವ ದೇಶದ್ದೆಂದು ಲೇಖಕ ಹೇಳುವುದಿಲ್ಲ. ನೆಮೊ ನಾಟಿಲಸ್‌ನ ಚೂಪಾದ ಮೂತಿಯಿಂದ ಆ ಹಡಗನ್ನು ಇರಿದು ಮುಳುಗಿಸುತ್ತಾನೆ. ನೀರು ನುಗ್ಗುತ್ತಿದ್ದಂತೆ ನಾವಿಕರು ಹಗ್ಗಗಳಿಗೆ, ಕೂವೆಮರಗಳಿಗೆ ಜೋತುಬೀಳುವುದನ್ನು ಅರೊನಾಕ್ಸ್ ಗಾಜಿನ ಕಿಟಕಿಯಿಂದ ಕಾಣುತ್ತಾರೆ. ನೆಮೊ ಕೂಡ ನಿಂತು ನೋಡುತ್ತಾನೆ. ಅನಂತರ ತನ್ನ ಕೋಣೆಗೆ ಹೋಗಿ, ಒಬ್ಬ ತರುಣಿ ಮತ್ತು ಎರಡು ಪುಟ್ಟ ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಬಿಕ್ಕಿ ಬಿಕ್ಕಿ ಅಳುತ್ತಾನೆ.

ಆ ಕಣ್ಣೀರಿನ ಕಾರಣ ಮೊದಲ ಪುಸ್ತಕದಲ್ಲಿ ತಿಳಿಯುವುದಿಲ್ಲ. ವರ್ನ್ ಮೊದಲು ನೆಮೊನನ್ನು ಪೋಲೆಂಡಿನವನಾಗಿ ಕಲ್ಪಿಸಿದ್ದ. 1863ರ ಪೋಲಿಷ್ ದಂಗೆಯನ್ನು ರಷ್ಯಾ ತುಳಿದುಹಾಕಿದಾಗ ಕುಟುಂಬವನ್ನು ಕಳೆದುಕೊಂಡವನು ಅವನು. ಆದರೆ ರಷ್ಯಾದಲ್ಲೂ ಪುಸ್ತಕ ಮಾರಾಟವಾಗಬೇಕಿತ್ತು. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ಗುಲಾಮರ ವ್ಯಾಪಾರದ ವೈರಿಯನ್ನಾಗಿ ಮಾಡು ಎಂಬ ಸಲಹೆ ಬಂತು. ಅದನ್ನು ವರ್ನ್ ಒಪ್ಪಲಿಲ್ಲ. ಕೊನೆಗೆ ನೆಮೊ ದೇಶವಿಲ್ಲದ, ಹೆಸರಿಲ್ಲದ ಮನುಷ್ಯನಾಗಿ ಅಚ್ಚಾದ.

1874-75ರಲ್ಲಿ ಬಂದ 'ದ ಮಿಸ್ಟೀರಿಯಸ್ ಐಲ್ಯಾಂಡ್' ಕಾದಂಬರಿಯಲ್ಲಿ ಮುಸುಕು ಸರಿಯಿತು. ನೆಮೊ ನಮ್ಮ ದೇಶದವನು! ಬುಂದೇಲಖಂಡದ ರಾಜಕುಮಾರ ಡಕ್ಕರ್. ವರ್ನ್ ಅವನನ್ನು ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ಬಂಧುವನ್ನಾಗಿಯೂ ಮಾಡಿದ್ದಾನೆ. ಇದು ಕೇವಲ ಕಲ್ಪನೆ, ಇತಿಹಾಸವಲ್ಲ. ಆದರೂ 1799ರಲ್ಲಿ ಹುತಾತ್ಮರಾದ ಟಿಪ್ಪುವಿನ ಹೆಸರು ಮುಕ್ಕಾಲು ಶತಮಾನದ ಬಳಿಕವೂ ಫ್ರಾನ್ಸಿನ ಓದುಗರಿಗೆ ಪರಿಚಿತವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಯುರೋಪಿನಲ್ಲಿ ಕಲಿತು ಬಂದ ಡಕ್ಕರ್ 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ. ದಂಗೆ ಸೋತಿತು. ಹೆಂಡತಿ ಮಕ್ಕಳು ಹತರಾದರು. ಅವನು ಸಮುದ್ರದಡಿಗೆ ಇಳಿದ. ಬ್ರಿಟಿಷರ ವಿರುದ್ಧದ ಅವನ ಮಾತುಗಳನ್ನು ಆ ಕಾಲದ ಇಂಗ್ಲಿಷ್ ಅನುವಾದದಲ್ಲಿ ತಿದ್ದಿ ಬದಲಿಸಲಾಯಿತು. 1954ರ ಹಾಲಿವುಡ್ ಚಿತ್ರದಲ್ಲಿ ಅವನು ಭಾರತೀಯನೇ ಆಗಿರಲಿಲ್ಲ. 2003ರಲ್ಲಿ ನಾಸಿರುದ್ದೀನ್ ಶಾ ಒಂದು ಹಾಲಿವುಡ್ ಚಿತ್ರದಲ್ಲಿ ನೆಮೊ ಆದಾಗ ಪಾತ್ರಕ್ಕೆ ಅದರ ಮೂಲ ನೆಲ ಮರಳಿ ಸಿಕ್ಕಿತು.

ಈಗ ನಮ್ಮ ಮನಸ್ಸನ್ನು ನಾವೇ ಪರೀಕ್ಷಿಸೋಣ. ಮೊದಲ ಪುಸ್ತಕ ಓದುವಾಗ ಕ್ರೂರಿಯಾಗಿ ಕಂಡವನು ಎರಡನೆಯದನ್ನು ಓದಿದಾಗ ನಮ್ಮವನಾಗಿಬಿಡುತ್ತಾನೆ. ಟಿಪ್ಪುವಿನ ಹೆಸರು ಕೇಳಿದ ಮೇಲಂತೂ ಹೇಳಬೇಕಾಗಿಯೇ ಇಲ್ಲ. ನಮ್ಮ ತೀರ್ಪು ಬದಲಾಯಿತು. ಆದರೆ ಮುಳುಗಿದ ಹಡಗಿನಲ್ಲಿ ಏನಾದರೂ ಬದಲಾಯಿತೇ? ಹಗ್ಗಕ್ಕೆ ಜೋತುಬಿದ್ದ ಆ ನಾವಿಕರೇ ನೆಮೊನ ಹೆಂಡತಿ ಮಕ್ಕಳನ್ನು ಕೊಂದವರೇ? ಅವರೂ ಹೊಟ್ಟೆಪಾಡಿಗಾಗಿ ಕಡಲಿಗೆ ಬಂದವರು. ಅವರ ಮನೆಗಳಲ್ಲೂ ಒಬ್ಬ ತರುಣಿ, ಎರಡು ಪುಟ್ಟ ಮಕ್ಕಳು ಕಾಯುತ್ತಿದ್ದಿರಬಹುದು.

ದ್ವೀಪದ ಗುಹೆಯಲ್ಲಿ ಸಾಯುವ ಮುನ್ನ ನೆಮೊ ತನ್ನ ಬದುಕಿನ ಬಗ್ಗೆ ತೀರ್ಪು ಕೇಳುತ್ತಾನೆ. ಆ ದ್ವೀಪದಲ್ಲಿ ಸಿಲುಕಿದ್ದವರಿಗೆ ಅವನು ಮರೆಯಲ್ಲಿದ್ದುಕೊಂಡೇ ನೆರವಾಗಿದ್ದ. ಹುಡುಗನೊಬ್ಬ ಜ್ವರದಿಂದ ಸಾಯುವಂತಾದಾಗ ಕ್ವಿನೈನ್ ಪೆಟ್ಟಿಗೆಯನ್ನು ಸದ್ದಿಲ್ಲದೆ ತಂದಿಟ್ಟವನೂ ಅವನೇ. ಆ ಗುಂಪಿನ ಮುಖಂಡ ಸೈರಸ್ ಸ್ಮಿತ್, ಗತಕಾಲವನ್ನು ಮರಳಿ ತರಲು ಹೊರಟು ಪ್ರಗತಿಯ ವಿರುದ್ಧ ಹೋರಾಡಿದ್ದೇ ನಿನ್ನ ತಪ್ಪು, ಅದರ ತೀರ್ಪು ದೇವರಿಗೆ ಮಾತ್ರ ಸೇರಿದ್ದು ಎನ್ನುತ್ತಾನೆ. ಸ್ಮಿತ್ ತಪ್ಪಾದ ಜಾಗದಲ್ಲಿ ಬೆರಳಿಟ್ಟಿದ್ದಾನೆ ಎಂಬುದು ನನ್ನ ಅಭಿಪ್ರಾಯ. ಪರಕೀಯರ ಆಡಳಿತವನ್ನು ವಿರೋಧಿಸಿದ್ದು ಅಪರಾಧವಲ್ಲ. ಅದನ್ನು ಪ್ರಗತಿಯ ವಿರೋಧ ಎನ್ನುವುದು ಆಳುವವರ ಭಾಷೆ. ನೆಮೊನ ಅಪರಾಧವಿರುವುದು 1857ರಲ್ಲಲ್ಲ, ಆ ಹಡಗಿನಲ್ಲಿ. ಒಬ್ಬರು ಮಾಡಿದ ಅಕ್ರಮಕ್ಕೆ ಇನ್ನೊಬ್ಬರಿಂದ ಲೆಕ್ಕ ಚುಕ್ತಾ ಮಾಡಿಸಿಕೊಂಡದ್ದರಲ್ಲಿ. ಬಡವನಿಗೆ ಕೊಟ್ಟ ಮುತ್ತು ಆ ಲೆಕ್ಕವನ್ನು ಅಳಿಸುವುದಿಲ್ಲ. ಆ ಲೆಕ್ಕ ಮುತ್ತಿನ ಬೆಲೆಯನ್ನೂ ತಗ್ಗಿಸುವುದಿಲ್ಲ. ಎರಡೂ ಅವನ ಹೆಸರಿನಲ್ಲೇ ಇವೆ.

ಸೋದರಿಯರೇ, ನಮ್ಮ ಬಳಿ ಜಲಾಂತರ್ಗಾಮಿ ನೌಕೆಯಿಲ್ಲ. ಆದರೆ ನೆಮೊನ ವಾದ ನಮ್ಮ ಅಡುಗೆಮನೆಗೆ ಹೊಸತಲ್ಲ. ಸೊಸೆಯಾಗಿ ಬಂದಾಗ ಚುಚ್ಚುಮಾತು ಕೇಳಿ ಕೇಳಿ ಬೆಂದವಳು ಅತ್ತೆಯಾದ ಮೇಲೆ, "ನಾವೇನು ಕಡಿಮೆ ಅನುಭವಿಸಿದ್ದೇವೆಯೇ?" ಎನ್ನುತ್ತಾಳೆ. ಅವಳು ಅನುಭವಿಸಿದ್ದು ಸುಳ್ಳಲ್ಲ. ಆದರೆ ಅವಳನ್ನು ನೋಯಿಸಿದವಳು ಈ ಸೊಸೆಯಲ್ಲ. ಹೊರಗೆ ಅವಮಾನ ನುಂಗಿ ಬಂದ ಗಂಡಸು ಮನೆಯಲ್ಲಿ ಮಗುವಿನ ಮೇಲೆ ಕೈಯೆತ್ತುವುದೂ ಹೀಗೆಯೇ. ನೊಂದವರ ದುಃಖ ಕೇಳುವ ತಾಳ್ಮೆ ನಮಗಿರಬೇಕು. ಜೊತೆಗೆ, ಆ ದುಃಖ ಯಾರ ತಲೆಯ ಮೇಲೆ ಬಿತ್ತು ಎಂದು ನೋಡುವ ಕಣ್ಣೂ ಇರಬೇಕು.

ನಿಮ್ಮ ಮಕ್ಕಳ ಕೈಗೆ ಈ ಕತೆ ಸಿಕ್ಕಿದರೆ ಓದಲು ಬಿಡಿ. ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದರೆ ತಕ್ಷಣ ಉತ್ತರ ಕೊಡಬೇಡಿ. "ಆ ಹಡಗಿನಲ್ಲಿ ಯಾರೆಲ್ಲ ಇದ್ದಿರಬಹುದು?" ಎಂದು ನೀವೇ ತಿರುಗಿ ಕೇಳಿ. ನೆಮೊನ ಕಣ್ಣೀರು ಕಂಡು ಮರುಗುವ ಮಗು ಆ ನಾವಿಕರಿಗಾಗಿಯೂ ಮರುಗಲು ಕಲಿತರೆ, ನ್ಯಾಯವೆಂದರೇನು ಎಂಬುದರ ಮೊದಲ ಪಾಠ ಅದಕ್ಕೆ ಮನೆಯಲ್ಲೇ ದೊರೆತಂತೆ.