ಕೋಟಿಗಳ ಲೆಕ್ಕ ಸಾಲದು, ಗುಳೆಯ ಲೆಕ್ಕ ಬೇಕು

ತೊಗರಿಯ ರಾಶಿ ಮುಗಿದು ಹೊಲದಲ್ಲಿ ಕೆಲಸವಿಲ್ಲದಂತಾಯಿತೆಂದರೆ ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ಕೆಲವರು ಬೆಂಗಳೂರಿಗೆ, ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ, ನಮ್ಮ ಮುಂಬಯಿಗೆ. ರಾಯಚೂರು, ಯಾದಗಿರಿ, ವಾಡಿ, ಕಲಬುರಗಿ, ಸೊಲ್ಲಾಪುರಗಳ ಮೇಲೆ ಬರುವ ಉದ್ಯಾನ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯನ್ನು ಒಮ್ಮೆ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಕಡೆಯ ಜನ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ.

ಇದೇ ಪ್ರದೇಶದ ಅಭಿವೃದ್ಧಿಗೆಂದು ಕರ್ನಾಟಕ ಸರಕಾರ 2023–24ನೆಯ ಸಾಲಿನ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಿಸಿತು. ಸಣ್ಣ ಮೊತ್ತವಲ್ಲ. ಹೀಗಿದ್ದೂ ರೈಲಿನ ಡಬ್ಬಿ ಏಕೆ ಬರಿದಾಗಲಿಲ್ಲ ಎಂಬುದು ಇಲ್ಲಿ ದುಡಿಯುವ ನಾವು ಕೇಳಲೇಬೇಕಾದ ಪ್ರಶ್ನೆ.

ಹಿಂದಿನದನ್ನು ಸ್ವಲ್ಪ ನೆನೆಯೋಣ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕನ್ನಡ ಭಾಗಗಳು ಮೈಸೂರು ರಾಜ್ಯವನ್ನು ಸೇರಿದವು. ಮೈಸೂರಿನವರು ಅರಸರ ಕಾಲದಲ್ಲೇ ಶಾಲೆ, ಕಾರಖಾನೆ, ವಿದ್ಯುತ್ತುಗಳನ್ನು ಕಂಡಿದ್ದರು. ಇವರು ಬರಿಗೈಯಲ್ಲಿ ಬಂದರು. ಒಂದೇ ಮನೆಯಾದರೂ ಅಣ್ಣ ಉಂಡು ಕುಳಿತಿದ್ದ, ತಮ್ಮ ಹಸಿದು ಬಂದಿದ್ದ. ಪಂಕ್ತಿಯಲ್ಲಿ ಇಬ್ಬರಿಗೂ ಸಮನಾಗಿ ಬಡಿಸಿದರೆ ನ್ಯಾಯವಾಗುವುದೆ?

ನ್ಯಾಯವಾಗಲಿಲ್ಲ ಎಂಬುದನ್ನು ಸರಕಾರವೇ ನೇಮಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಅಂಕಿಗಳ ಮೂಲಕ ತೋರಿಸಿತು. ಆಗ ರಾಜ್ಯದಲ್ಲಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗವೊಂದರಲ್ಲೇ ಇದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚ ಮಾಡಿ ಈ ಅಂತರವನ್ನು ತುಂಬಬೇಕೆಂದು ಸಮಿತಿ ಹೇಳಿತು.

ಇನ್ನೊಂದು ಸಂಗತಿಯೂ ಉಂಟು. ತೆಲಂಗಾಣವೂ ಸೇರಿದಂತೆ ಆಂಧ್ರಪ್ರದೇಶಕ್ಕೆ 1973ರಲ್ಲೇ ಸಂವಿಧಾನದ 32ನೆಯ ತಿದ್ದುಪಡಿಯಿಂದ 371(ಡಿ) ವಿಧಿಯ ರಕ್ಷಣೆ ದೊರೆಯಿತು. ಅದೇ ನಿಜಾಮರ ರಾಜ್ಯದಿಂದ ಬಂದ ನಮ್ಮ ಭಾಗ ಮಾತ್ರ ಸುಮಾರು ನಾಲ್ಕು ದಶಕ ಕಾಯಬೇಕಾಯಿತು. ಹಲವು ವರ್ಷಗಳ ಹೋರಾಟದ ಫಲವಾಗಿ 2012ರಲ್ಲಿ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿ ಬಂತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ನ್ಯಾಯವಾದ ಹಣ ಹಂಚಿಕೆ, ವಿದ್ಯೆ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ, ಇವೇ ಅದರ ಸಾರ. ಆ ಭಾಗದ ಸಿ ದರ್ಜೆಯ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 80, ಡಿ ದರ್ಜೆಯಲ್ಲಿ ನೂರಕ್ಕೆ 85 ಸ್ಥಳೀಯರಿಗೆ ಮೀಸಲಾದವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು.

ಹೆಸರು ಬದಲಾದದ್ದು ಸಂತೋಷವೇ. ಬಸವಣ್ಣನವರು ಕಾಯಕದ ಮಾತು ಹೇಳಿದ ಕಲ್ಯಾಣ ಆ ನೆಲದಲ್ಲೇ ಇದೆ. ಆದರೆ ಕಾಯಕ ಮಾಡಬೇಕೆಂದು ಬಂದವನಿಗೆ ಅಲ್ಲಿ ಕಾಯಕವೇ ಸಿಗದಿದ್ದರೆ ಹೆಸರಿನಿಂದ ಹೊಟ್ಟೆ ತುಂಬದು.

ಮಂಡಳಿಯ ಹಣ ರಸ್ತೆಗೆ, ಶಾಲೆಯ ಕೋಣೆಗೆ, ಆಸ್ಪತ್ರೆಯ ಕಟ್ಟಡಕ್ಕೆ, ಸಮುದಾಯ ಭವನಕ್ಕೆ ಹೋಗುತ್ತದೆ. ಇವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮಾಸ್ತರರಿಲ್ಲದ ಕೋಣೆ ಶಾಲೆಯಲ್ಲ. ಡಾಕ್ಟರರಿಲ್ಲದ ಕಟ್ಟಡ ಆಸ್ಪತ್ರೆಯಲ್ಲ. ಗುತ್ತಿಗೆದಾರನ ಬಿಲ್ಲು ಪಾಸಾದೊಡನೆ ಅಭಿವೃದ್ಧಿಯಾಯಿತೆಂದು ಲೆಕ್ಕ ಬರೆಯುವುದು ಸುಲಭ. ಆ ರಸ್ತೆಯ ಮೇಲೆ ಊರಿನವನು ಕೆಲಸಕ್ಕೆ ಹೋಗುತ್ತಿದ್ದಾನೆಯೋ, ಗುಳೆ ಹೋಗುತ್ತಿದ್ದಾನೆಯೋ ಎಂದು ನೋಡುವುದೇ ನಿಜವಾದ ಲೆಕ್ಕ.

ಹಿಂದುಳಿದವರಿಗೆ ಎಷ್ಟೆಂದು ಕೊಡುವುದು ಎಂದು ಗೊಣಗುವವರೂ ಇದ್ದಾರೆ. ಇದು ದಾನವಲ್ಲ ಎಂಬುದನ್ನು ಅವರು ತಿಳಿಯಬೇಕು. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಹುಟ್ಟುತ್ತಿರುವ ವಿದ್ಯುತ್ತು ಇಡೀ ರಾಜ್ಯಕ್ಕೆ ಬೆಳಕಾಗಿದೆ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ವಾಡಿಯ ಸಿಮೆಂಟು, ಶಹಾಬಾದದ ಕಲ್ಲು, ಕಲಬುರಗಿಯ ತೊಗರಿ ದೇಶಕ್ಕೆಲ್ಲ ಹೋಗುತ್ತವೆ. ನಮ್ಮ ಹೊಟೇಲುಗಳ ಸಾಂಬಾರಿನಲ್ಲಿಯೂ ಆ ಬೇಳೆಯ ಪಾಲಿದೆ. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಒಂದೂವರೆ ಶತಮಾನದಿಂದ ಆ ಹಳಿಯ ಮೇಲೆ ಮಾಲು ಹೊರಗೆ ಹೋಗಿದೆ, ಮಾಲಿನೊಂದಿಗೆ ಮನುಷ್ಯನೂ ಹೋಗಿದ್ದಾನೆ. ಈಗ ಬರುವ ಹಣ ಹಳೆಯ ಸಾಲದ ತೀರುವಳಿ.

ಗಿರಣಿ ಕಾಮಗಾರರಿಗೆ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ಕಲಬುರಗಿಯಲ್ಲಿ ನಿಜಾಮರ ಕಾಲದ ಬಟ್ಟೆ ಗಿರಣಿಯೊಂದಿತ್ತು, ಎಂ.ಎಸ್.ಕೆ. ಮಿಲ್ಲು. ಅದು ಮುಚ್ಚಿತು, ಈಗ ಬಡಾವಣೆಯ ಹೆಸರಾಗಿ ಉಳಿದಿದೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳಿಗೆ ಒದಗಿದ ಗತಿ ನಿಮಗೆ ಗೊತ್ತೇ ಇದೆ. ಊರಿನಲ್ಲಿ ಗಿರಣಿಯಿಲ್ಲವೆಂದು ಇಲ್ಲಿಗೆ ಬಂದವನು ಇಲ್ಲಿಯ ಗಿರಣಿಯೂ ಮುಚ್ಚಿದ್ದನ್ನು ಕಂಡ. ಈಗ ಕೇಂದ್ರ ಸರಕಾರ 2023ರ ಮಾರ್ಚಿಯಲ್ಲಿ ದೇಶದ ಏಳು ಕಡೆಗಳಲ್ಲಿ ಜವಳಿ ಪಾರ್ಕುಗಳನ್ನು ಘೋಷಿಸಿದಾಗ ಕಲಬುರಗಿಯ ಹೆಸರೂ ಅದರಲ್ಲಿ ಬಂದಿದೆ. ಒಳ್ಳೆಯ ಸುದ್ದಿ. ಆದರೆ ನಾವು ಸುಟ್ಟ ಕೈಯವರು. ಜಮೀನು, ನೀರು, ವಿದ್ಯುತ್ತು, ರಿಯಾಯತಿ ಎಲ್ಲವನ್ನೂ ಸರಕಾರ ಮಾಲಕನಿಗೆ ಕೊಡುವಾಗ, ಆತ ಸ್ಥಳೀಯ ಕಾಮಗಾರನಿಗೆ ಏನು ಕೊಡುತ್ತಾನೆಂದು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಕಾಯಂ ಕೆಲಸ, ಸರಿಯಾದ ಪಗಾರ, ಪ್ರಾವಿಡೆಂಟ್ ಫಂಡು, ಇ.ಎಸ್.ಐ. ಇವಿಲ್ಲದೆ ದಿನಗೂಲಿಯ ಗುತ್ತಿಗೆಯಷ್ಟೇ ಆದರೆ, ಗುಳೆ ಯಾದಗಿರಿಯಿಂದ ಮುಂಬಯಿಗೆ ಬರುವ ಬದಲು ಯಾದಗಿರಿಯಿಂದ ಕಲಬುರಗಿಗೆ ಹೋದಂತಾಯಿತು, ಅಷ್ಟೆ.

ದಕ್ಷಿಣ ಕನ್ನಡದಿಂದ ಬಂದ ಹೊಟೇಲು ಬಂಧುಗಳು ಇದು ತಮ್ಮ ಊರಿನ ವಿಷಯವಲ್ಲವೆಂದು ಪುಟ ತಿರುವದಿರಲಿ. ನಮ್ಮ ಕರಾವಳಿ ಮೊದಲಿನಿಂದಲೂ ಸಿರಿವಂತ ನಾಡಾಗಿರಲಿಲ್ಲ. ಶಾಲೆಗಳು ಬೇಗ ಬಂದವು. 1906ರಲ್ಲೇ ಮಂಗಳೂರಿನಲ್ಲೂ ಉಡುಪಿಯಲ್ಲೂ ಬ್ಯಾಂಕುಗಳು ಹುಟ್ಟಿದವು. 1928ರಲ್ಲಿ ಪಿಗ್ಮಿ ಠೇವಣಿ ಬಂದು ದಿನಕ್ಕೆ ಎರಡಾಣೆ ಕೂಡಿಡುವವನೂ ಬ್ಯಾಂಕಿನ ಗಿರಾಕಿಯಾದ. ಇಲ್ಲಿ ಕಪ್ಪು ಬಸಿ ತೊಳೆದ ಹುಡುಗ ರಾತ್ರಿಶಾಲೆಯಲ್ಲಿ ಓದಿದ. ಊರಿಗೆ ಕಳಿಸಿದ ಹಣ ತಮ್ಮನ ಓದಿಗೆ ಒದಗಿತು. ಓದೂ ಉಳಿತಾಯವೂ ಕೂಡಿದ್ದರಿಂದ ನಮ್ಮ ಬೆವರು ಊರಿನಲ್ಲಿ ಬೇರು ಬಿಟ್ಟಿತು. ಗುಳೆ ಬರುವವನ ಪಾಡು ಬೇರೆ. ಅವನು ಮುಂಗಡ ಪಡೆದ ಸಾಲ ತೀರಿಸಲು ಬರುತ್ತಾನೆ; ಮಕ್ಕಳನ್ನೂ ಕರೆತರುತ್ತಾನೆ. ನಡುವರ್ಷದಲ್ಲಿ ಶಾಲೆ ಬಿಟ್ಟ ಮಗು ಮುಂದೆ ಅದೇ ಡಬ್ಬಿ ಹತ್ತುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮಂಡಳಿಯ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು 371(ಜೆ) ವಿಧಿಯೇ ಹೇಳುತ್ತದೆ. ಆ ವರದಿಯಲ್ಲಿ ಖರ್ಚಾದ ಕೋಟಿಗಳ ಜೊತೆಗೆ, ತಾಲೂಕುವಾರು ಎಷ್ಟು ಜನರಿಗೆ ಕಾಯಂ ಕೆಲಸ ಸಿಕ್ಕಿತು, ಎಷ್ಟು ಮನೆಗಳು ಗುಳೆ ಹೋದವು ಎಂಬುದೂ ಇರಲಿ. ಮೀಸಲು ಹುದ್ದೆಗಳನ್ನು ಕಾಗದದ ಮೇಲೆ ಬಿಡದೆ ತುಂಬಲಿ. ಗುಳೆ ಹೋಗುವವರ ಮಕ್ಕಳನ್ನು ಊರಿನಲ್ಲೇ ಉಳಿಸಿ ಓದಿಸುವ ವಸತಿಶಾಲೆಗಳಿಗೆ ಮೊದಲ ಹಣ ಹೋಗಲಿ.

ನಾವು ಮಾಡಬೇಕಾದದ್ದೂ ಇದೆ. ಆ ಏಳು ಜಿಲ್ಲೆಗಳ ಬಂಧುಗಳು ಊರಿಗೆ ಹೋದಾಗ ಜಾತ್ರೆ ಮುಗಿಸಿ ಹಾಗೆಯೇ ಹಿಂದಿರುಗದೆ, ಮಕ್ಕಳ 371(ಜೆ) ಪ್ರಮಾಣಪತ್ರದ ಬಗ್ಗೆ ವಿಚಾರಿಸಬೇಕು; ಅದಿಲ್ಲದೆ ಮೀಸಲಾತಿ ದಕ್ಕದು. ಮತ ಕೇಳಲು ಬಂದವರಿಗೆ ಸಮುದಾಯ ಭವನ ಬೇಡಬೇಡಿ, ಕೆಲಸ ಬೇಡಿ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ಬರುವುದೂ ಬಿಡುವುದೂ ಅವನವನ ಇಚ್ಛೆಯಾಗಿರಲಿ. ಊರಿನಲ್ಲಿ ಬೇರೆ ದಾರಿಯೇ ಇಲ್ಲವೆಂದು ನಮ್ಮ ಮಕ್ಕಳು ಬರುವಂತಾಗಬಾರದು. ಸರಕಾರದ ಸಹಾಯಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೊಂದಿಲ್ಲ.